ಆರು ಜನಕ್ಕೆ ಒಂದು ಮೂಗು

ನನ್ನ ಅಣ್ಣನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಕಥೆ ಕಟ್ಟಿದಳು ಅನ್ನುತ್ತೀರಿ. ಕಾರ್ಖಾನೆಯ ಕಾಗದದಲ್ಲಿ ಅವನ ಮೂಗು ಸರಿಯಾಗಿದೆ ಎಂದು ಬರೆದಿದೆ. ಕೆಳಗೆ ಡಾಕ್ಟರ ಸಹಿ ಇದೆ, ಮುದ್ರೆ ಇದೆ. ಅದು ಸುಳ್ಳು. ಆ ಸುಳ್ಳನ್ನು ಹೇಳಿಕೊಟ್ಟವಳು ನಾನು.

ನಾವು ಮೋರಿ ಸಾಲಿನವರು. ಕಾಗದದ ಕಾರ್ಖಾನೆಯ ಹಿಂದಿನ ಗೋಡೆಯಿಂದ ಹೊರಡುವ ದೊಡ್ಡ ಮೋರಿಯ ಉದ್ದಕ್ಕೂ ನಮ್ಮ ಮನೆಗಳು. ಒಳಗೆ ಮರವನ್ನು ಚೂರು ಮಾಡಿ ಕಾಸ್ಟಿಕ್ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಬಿಳಿ ನಾರು ಒಂದು ಕಡೆ ಹೋಗುತ್ತದೆ, ಕಪ್ಪು ನೀರು ಇನ್ನೊಂದು ಕಡೆ. ಬಿಳಿ ಊರಿಗೆ, ಕಪ್ಪು ನಮಗೆ. ಅಪ್ಪ ಆ ಕಪ್ಪು ನೀರಿನ ಹೊಂಡದಲ್ಲಿ ನೊರೆ ಎಳೆಯುತ್ತಿದ್ದ. ಅಪ್ಪ ಹೋದ ಮೇಲೆ ಅದೇ ಉದ್ದನೆಯ ಕೋಲನ್ನು ಅಣ್ಣ ಹಿಡಿದ. ಹೊಂಡದ ದಡದಲ್ಲಿ ಬಗ್ಗಿ ನಿಂತು ಎಂಟು ಗಂಟೆ ನೊರೆ ಎಳೆಯುವುದು. ನೀರು ಸಿಡಿದ ಕಡೆ ಚರ್ಮ ಸುಲಿಯುತ್ತದೆ. ಬೆರಳಿನ ಗೆರೆಗಳು ಅಳಿಸಿಹೋಗುತ್ತವೆ. ಕೊಳೆತ ಮೊಟ್ಟೆಯ ನಾತ ಬಟ್ಟೆಗೆ, ಕೂದಲಿಗೆ, ಮಲಗುವ ಚಾಪೆಗೆ ಹತ್ತುತ್ತದೆ.

ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರು. ಅಣ್ಣ ಕಾಲು ಚಾಚಿ ಕೂರುತ್ತಿದ್ದ. "ನಮ್ಮಂಥ ದೊಡ್ಡವರಿಗೆ ಯಾವಾಗ್ಲೂ ಎರಡು ಸೀಟು" ಅನ್ನುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ನನ್ನ ಸೊಸೆಯನ್ನು, ಅಂದರೆ ಅವನ ಮಗಳನ್ನು, ಶಾಲೆಯಲ್ಲಿ ಕಿಟಕಿಯ ಪಕ್ಕ ಒಬ್ಬಳನ್ನೇ ಕೂರಿಸಿದ್ದರು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಟೀಚರ್ ಹೇಳಿದ್ದರಂತೆ. ಯಾರಿಗೆ ಗಾಳಿ ಎಂದು ಮಗು ಕೇಳಿರಲಿಲ್ಲ.

ಹೊಂಡದಲ್ಲಿ ಹತ್ತು ವರ್ಷ ದುಡಿದವರ ಮೂಗು ಸಾಯುತ್ತದೆ. ಒಂದೇ ದಿನಕ್ಕಲ್ಲ. ಮೊದಲು ಹೂವು ಹೋಗುತ್ತದೆ, ಆಮೇಲೆ ಸೋಪು, ಆಮೇಲೆ ಅನ್ನ ಸೀದದ್ದು. ಕೊನೆಗೆ ಆ ನಾತವೇ ಹೋಗುತ್ತದೆ. ನಮ್ಮ ಸಾಲಿನಲ್ಲಿ ಅದನ್ನು ಯಾರೂ ಕಾಯಿಲೆ ಅನ್ನುತ್ತಿರಲಿಲ್ಲ. "ಇನ್ನು ಇವನಿಗೆ ಸುಖ" ಅನ್ನುತ್ತಿದ್ದರು. ನಾನು ಮಾತ್ರ ಕಾಗದದ ಕಟ್ಟು ಬಿಗಿಯುವ ಅಂಗಳದಲ್ಲಿ, ಬಯಲು ಗಾಳಿಯಲ್ಲಿ ದುಡಿದವಳು. ನನ್ನ ಮೂಗು ಉಳಿದಿತ್ತು.

ಒಂದು ದಿನ ಆ ಕಪ್ಪು ನೀರಿಗೆ ಬೆಲೆ ಬಂತು. ಹೊಂಡದ ಪಕ್ಕದಲ್ಲಿ ಹೊಸ ಘಟಕ ಎದ್ದಿತು. ಕಪ್ಪು ನೀರಿಗೆ ಆಸಿಡ್ ಹಾಕಿದರೆ ಹಾಲು ಒಡೆದ ಹಾಗೆ ಒಡೆಯುತ್ತದೆ, ಕಂದು ಬಣ್ಣದ ಗಸಿ ತಳಕ್ಕೆ ಕೂರುತ್ತದೆ. ಗಸಿಯನ್ನು ಸೋಸಿ, ತೊಳೆದು, ಒಣಗಿಸಿದರೆ ಹಲಗೆ ಅಂಟಿಸುವ ಗೋಂದು ಆಗುತ್ತದೆ, ಬಣ್ಣಕ್ಕೆ ಬೆರೆಸುವ ಪುಡಿ ಆಗುತ್ತದೆ. ಅದರಲ್ಲೇ ಒಂದು ಪಾಲು ಇನ್ನೂ ಹತ್ತು ಯಂತ್ರ ದಾಟಿ ಕೊನೆಗೆ ಬೆಳ್ಳಗೆ, ನುಣ್ಣಗೆ ಹೊರಗೆ ಬರುತ್ತದೆ. ಐಸ್‌ಕ್ರೀಮಿಗೆ, ಬಿಸ್ಕತ್ತಿಗೆ, ಮಕ್ಕಳ ಸೋಪಿಗೆ ಪರಿಮಳ ಕೊಡುವುದು ಅದೇ ಪುಡಿ. ಗೇಟಿನ ಮೇಲೆ 'ಕಸದಿಂದ ರಸ' ಎಂದು ಹಸಿರು ಬೋರ್ಡು ಹಾಕಿದರು. ಕಸ ಯಾರ ಕೈಯಲ್ಲಿತ್ತು, ರಸ ಯಾರ ಬಾಯಿಗೆ ಹೋಯಿತು ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ.

ಆ ಪುಡಿಯನ್ನು ಡಬ್ಬಿಗೆ ತುಂಬುವುದು ಬಿಳಿ ಕೋಣೆಯಲ್ಲಿ. ಬಿಳಿ ಗೋಡೆ, ಬಿಳಿ ಕೋಟು, ಗಾಜಿನ ಬಾಗಿಲು. ಮೋರಿ ಸಾಲಿನವರಿಗೆ ಅಲ್ಲಿ ಕೆಲಸವಿಲ್ಲ. ಪುಡಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದಂತೆ. ನಾವು ಒಳಗೆ ಹೋದರೆ ಮಾಲು ಕೆಡುತ್ತದಂತೆ. ಒಮ್ಮೆ ಒಂದು ಚೀಟಿ ಕೊಡಲು ಹೋದಾಗ ಆ ಗಾಜಿನ ಬಾಗಿಲಿನ ಸಂದಿಯಿಂದ ಬಂದ ಪರಿಮಳವನ್ನು ಕುಡಿದೆ. ಒಳಗಿದ್ದ ಹುಡುಗಿ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ತೆಗೆದುಕೊಂಡಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ಯಾರೋ ಹಾಗೆ ಹೇಳಿಕೊಟ್ಟಿದ್ದರು.

ನಮಗೆ ಕೊಟ್ಟದ್ದು ಹುಳಿತೊಟ್ಟಿ. ಆಸಿಡ್ ಬೀಳುವ ತೊಟ್ಟಿಗೆ ನಾವೇ ಇಟ್ಟ ಹೆಸರು ಅದು. ಎರಡಾಳು ಆಳ. ತಳದಲ್ಲಿ ಗಸಿ ಗಟ್ಟಿಯಾಗಿ ಕಲಕುವ ರೆಕ್ಕೆಯನ್ನು ಹಿಡಿದುಬಿಡುತ್ತದೆ. ಆಗ ನೀರು ಖಾಲಿ ಮಾಡಿ, ಏಣಿಯಲ್ಲಿ ಇಳಿದು, ಸಲಿಕೆಯಲ್ಲಿ ಕೆರೆದು, ಬಕೆಟ್ಟಿಗೆ ತುಂಬಿ ಮೇಲೆ ಕಳಿಸಬೇಕು. ಗಸಿಯ ಅಡಿಯಲ್ಲಿ ಗ್ಯಾಸು ಸಿಕ್ಕಿಕೊಂಡಿರುತ್ತದೆ. ಸಲಿಕೆ ತಾಗಿದರೆ ಮೇಲೆ ಏಳುತ್ತದೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಿಯಮ ಬರೆದಿದ್ದರು: 'ಕೊಳೆತ ಮೊಟ್ಟೆಯ ವಾಸನೆ ಬಂದ ಕೂಡಲೇ ಹೊರಗೆ ಬನ್ನಿ'. ಇಷ್ಟೇ ನಮ್ಮ ಸುರಕ್ಷತೆ.

ಮೇಸ್ತ್ರಿ ನಮ್ಮನ್ನೇ ಯಾಕೆ ಆರಿಸಿದ ಎಂದರೆ, "ನಿಮಗೆ ಆ ನಾತ ಅಭ್ಯಾಸ, ರಗಳೆ ಮಾಡಲ್ಲ" ಎಂದು ಅವನೇ ಹೇಳಿದ. ಆದರೆ ನಿಯಮ ಇದೆಯಲ್ಲ, ವಾಸನೆ ಗೊತ್ತಾಗಬೇಕು. ಅದಕ್ಕೆ ಮೂಗಿನ ಪರೀಕ್ಷೆ ಇಟ್ಟರು. ಕಾರ್ಖಾನೆಯ ಡಾಕ್ಟರ ಕೋಣೆಯ ಮುಂದೆ ನಾವು ಆರು ಜನ ಸಾಲು ನಿಂತೆವು. ಅಣ್ಣ, ನಾನು. ಎಲ್ಲರಿಗಿಂತ ಹಿರಿಯ, ನಾವು ಕಬ್ಬಿಣ ಎಂದು ಕರೆಯುವವನು. ಬಾಯಿ ಮುಚ್ಚದೆ ಮಾತಾಡುವುದಕ್ಕೆ ರೇಡಿಯೊ ಅನ್ನಿಸಿಕೊಂಡವನು. ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣದ ಅಣ್ಣತಮ್ಮ ಇಬ್ಬರು, ಅವರನ್ನು ಸೇರಿಸಿ ಜೋಡಿ ಅನ್ನುತ್ತಿದ್ದೆವು. ಫೇಲಾದರೆ ಕೆಲಸವಿಲ್ಲ. ಹೊಂಡದ ಕೆಲಸ ಆಗಲೇ ಮುಚ್ಚಿತ್ತು, ಅಂಗಳದಲ್ಲಿ ನನ್ನ ಕೆಲಸವೂ ಹೋಗಿತ್ತು.

ಮೊದಲು ನಾನು ಹೋದೆ. ಮೂರು ಬಾಟಲಿ. ಒಂದನೆಯದು ನಾತ, ಎರಡನೆಯದು ಬರೀ ನೀರು, ಮೂರನೆಯದು ಸಿಹಿ. ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುವ ಹಾಗೆ ತಲೆ ತಗ್ಗಿಸಿ ಸಾಲಿಗೆ ಹೇಳಿದೆ. "ಮೊದಲನೇದಕ್ಕೆ ಮುಖ ಸಿಂಡರಿಸಿ. ಎರಡನೇದಕ್ಕೆ ಏನಿಲ್ಲ ಅನ್ನಿ. ಮೂರನೇದಕ್ಕೆ ನಗಿ."

ಡಾಕ್ಟರ್ ಬಾಟಲಿಗಳ ಸ್ಥಾನ ಬದಲಿಸಲಿಲ್ಲ. ಯಾಕೆ ಬದಲಿಸುತ್ತಾರೆ, ಅವರಿಗೆ ಊಟದ ಹೊತ್ತಾಗಿತ್ತು. ಐದೂ ಜನ ಪಾಸಾದರು. ಅಣ್ಣ ಅತಿ ಮಾಡಿದ. ಒಂದನೆಯ ಬಾಟಲಿಗೆ ವಾಂತಿ ಬಂದವನ ಹಾಗೆ ಹೊಟ್ಟೆ ಹಿಡಿದುಕೊಂಡು ಬಗ್ಗಿದ. ಡಾಕ್ಟರೇ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರಂತೆ. ಮನೆಯವರೆಗೂ ನಾವು ಅದನ್ನೇ ಹೇಳಿಕೊಂಡು ನಕ್ಕೆವು. ಎಷ್ಟೋ ದಿನಗಳ ಮೇಲೆ ನಾನು ಹಾಗೆ ನಕ್ಕದ್ದು.

ಆದರೆ ನಾವು ದಡ್ಡರಲ್ಲ. ತೊಟ್ಟಿ ಎಂಥದ್ದು ಎಂದು ಗೊತ್ತಿತ್ತು. ಆರು ಜನಕ್ಕೆ ಇರುವುದು ಒಂದೇ ಮೂಗು, ಅದು ನನ್ನದು. ಅದರ ಮೇಲೆ ಕೆಲಸ ಕಟ್ಟಿಕೊಂಡೆವು. ನಾನು ತೊಟ್ಟಿಯ ಬಾಯಿಯಲ್ಲಿ ಕೂರುವುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅನ್ನುತ್ತಾರಲ್ಲ, ಹಾಗೆ ಮೂಗು ತೆರೆದುಕೊಂಡು. ನಾತ ಏರಿದರೆ ಸ್ಪ್ಯಾನರಿನಿಂದ ಕೊಳವೆಗೆ ಮೂರು ಸಲ ಬಡಿಯುವುದು. ಕೆಳಗಿರುವವರು ಕೈಲಿದ್ದದ್ದನ್ನು ಬಿಟ್ಟು ಹತ್ತುವುದು. ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಲ ಬಡಿದಿದ್ದೇನೆ. ನಾಲ್ಕು ಸಲವೂ ಎಲ್ಲರೂ ಮೇಲೆ ಬಂದರು, ಅರ್ಧ ಗಂಟೆ ಕೂತರು, ಮೇಸ್ತ್ರಿಯಿಂದ ಬೈಸಿಕೊಂಡರು, ಮತ್ತೆ ಇಳಿದರು. "ಇವಳು ಸುಮ್ನೆ ಕೂತಿರ್ತಾಳಲ್ಲ" ಎಂದು ಮೇಸ್ತ್ರಿ ಕೇಳಿದಾಗ, "ಬಕೆಟ್ ಎಣಿಸ್ತಾಳೆ" ಎಂದು ಅಣ್ಣ ಹೇಳಿದ್ದ. ನಿಜ ಹೇಳಿದರೆ ಐದು ಜನ ಮನೆಗೆ ಹೋಗಬೇಕಿತ್ತು.

ಅತಿಥಿಗಳು ಬರುವ ದಿನ ಬಂತು. ಪುಡಿ ಕೊಳ್ಳುವ ದೊಡ್ಡ ಮಂದಿ. ಹಿಂದಿನ ದಿನವೇ ರೆಕ್ಕೆ ಕಚ್ಚಿಕೊಂಡಿತ್ತು. ಅವರು ಬರುವ ಹೊತ್ತಿಗೆ ತೊಟ್ಟಿ ತಿರುಗುತ್ತಿರಬೇಕು ಎಂದು ಮ್ಯಾನೇಜರ್ ಹೇಳಿದ್ದರು. ಬೆಳಿಗ್ಗೆ ಏಳಕ್ಕೇ ಇಳಿದೆವು. ಹತ್ತು ಗಂಟೆಗೆ ಮೇಸ್ತ್ರಿ ಪೊರಕೆ ಹಿಡಿದುಕೊಂಡು ಬಂದ.

"ನೀನು ಏಳು. ಅತಿಥಿಗಳು ಬರೋ ದಾರಿ ಗುಡಿಸು."

"ನಂಗೆ ಇಲ್ಲಿ ಕೆಲಸ ಇದೆ" ಎಂದೆ.

"ಏನು ಕೆಲಸ? ಕೂರೋದಾ? ಬಕೆಟ್ ನಾನು ಎಣಿಸ್ತೀನಿ ಹೋಗು."

ಏನೆಂದು ಹೇಳಲಿ? ಇವರ ಮೂಗು ನಾನು ಎಂದು ಹೇಳಲೇ? ಅಣ್ಣ ತೊಟ್ಟಿಯಿಂದ ತಲೆ ಎತ್ತಿ ನೋಡಿದ. ಮುಖವೆಲ್ಲ ಗಸಿ ಮೆತ್ತಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. "ಹೋಗ್ಬಾ. ಇನ್ನು ಹತ್ತು ಬಕೆಟ್ಟು, ಮುಗಿದೇ ಹೋಯ್ತು" ಎಂದ. ನಾನು ಪೊರಕೆ ತೆಗೆದುಕೊಂಡು ಹೋದೆ. ಹೋಗಬಾರದಿತ್ತು.

ಅತಿಥಿಗಳು ಹದಿನಾಲ್ಕು ಜನ ಇದ್ದರು. ತಲೆಗೆ ಹೊಸ ಹೆಲ್ಮೆಟ್ಟು, ಎದೆಗೆ ಅಂಗೈಯಗಲದ ಹಳದಿ ಡಬ್ಬಿ. ಸುರಕ್ಷತೆ ನೋಡಿಕೊಳ್ಳುವ ಸಾಹೇಬರು ತಾವೇ ನಿಂತು ಒಬ್ಬೊಬ್ಬರಿಗೂ ಡಬ್ಬಿ ಸಿಕ್ಕಿಸಿದ್ದರು. ಅದು ಗ್ಯಾಸು ಅಳೆಯುವ ಡಬ್ಬಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ತೊಟ್ಟಿಗೆ ಮೂವತ್ತು ಹೆಜ್ಜೆ ಇರುವಾಗ ಗಾಳಿ ತಿರುಗಿತು. ಒಬ್ಬನ ಡಬ್ಬಿ ಕಿರುಚಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲವೂ.

ಸಾಹೇಬರು ಎರಡೂ ಕೈ ಅಗಲಿಸಿ ಅವರನ್ನೆಲ್ಲ ಗೇಟಿನ ಕಡೆ ಓಡಿಸಿದರು. ಅಲ್ಲಿ ನಿಲ್ಲಿಸಿ ತಲೆ ಎಣಿಸಿದರು. ಮತ್ತೆ ಎಣಿಸಿದರು. ಒಬ್ಬ ಹೆಂಗಸಿನ ಶಾಲು ದಾರಿಯಲ್ಲಿ ಬಿದ್ದಿತ್ತು. ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ವಾಪಸು ಬಂದು ಶಾಲು ಎತ್ತಿಕೊಂಡು ಹೋದರು. ತೊಟ್ಟಿಯ ಕಡೆ ತಿರುಗಿ ಒಂದು ಕೂಗು ಹಾಕಲಿಲ್ಲ. ನಾನು ಅಲ್ಲೇ ಪೊರಕೆ ಹಿಡಿದು ನಿಂತಿದ್ದೆ. "ಏನದು ಸದ್ದು ಸರ್?" ಎಂದು ಕೇಳಿದೆ. "ಏನಿಲ್ಲ, ನೀನು ಆ ಕಡೆ ಹೋಗು" ಎಂದರು.

ಅಷ್ಟರಲ್ಲಿ ನನ್ನ ಮೂಗಿಗೂ ಬಡಿಯಿತು. ದಿನದ ನಾತವಲ್ಲ, ಗಂಟಲು ಹಿಡಿಯುವಂಥದ್ದು. ಪೊರಕೆ ಎಸೆದು ಓಡಿದೆ.

ಕೆಳಗೆ ಅಣ್ಣ ಒಬ್ಬನೇ ಇದ್ದ. ಜೋಡಿಯಲ್ಲಿ ಕಿರಿಯವನು ಬಕೆಟ್ ಎತ್ತಿಸಲು ಆಗಷ್ಟೇ ಮೇಲೆ ಬಂದಿದ್ದ. ರೇಡಿಯೊ ಹಗ್ಗ ಹಿಡಿದು ಯಾವುದೋ ಕಥೆ ಹೇಳುತ್ತಿದ್ದ. ಮೇಸ್ತ್ರಿ ಎಲ್ಲೋ ಹೋಗಿದ್ದ. ಮೂಗಿಲ್ಲದ ನಾಲ್ಕು ಜನ ಆ ಗಾಳಿಯಲ್ಲೇ ನಿಂತಿದ್ದರು. "ಬಕೆಟ್ ಯಾಕೋ ಬರ್ತಿಲ್ಲ" ಎಂದು ಕಬ್ಬಿಣ ಏಣಿಗೆ ಕಾಲಿಟ್ಟಿದ್ದ. ನಾನು ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಬಿದ್ದೆವು. ಎಲ್ಲರನ್ನೂ ಗಾಳಿ ಬೀಸಿ ಬರುವ ಬದಿಗೆ ಅಟ್ಟಿದೆ. ಉದ್ದ ಕೊಕ್ಕೆಯನ್ನು ಅಣ್ಣನ ಸೊಂಟದ ಪಟ್ಟಿಗೆ ಸಿಕ್ಕಿಸಿ ಮೇಲೆ ಎಳೆಯುವ ಹೊತ್ತಿಗೆ ಕಾಲು ಗಂಟೆ ಆಗಿತ್ತು. ಅವನ ಕೈಯಲ್ಲಿ ಸಲಿಕೆ ಹಾಗೇ ಇತ್ತು. ಬಿಡಿಸಲು ಬೆರಳು ಒಂದೊಂದಾಗಿ ಎತ್ತಬೇಕಾಯಿತು.

ಇದಾದ ಎಂಟನೆಯ ದಿನಕ್ಕೆ ವಿಚಾರಣೆ ಎಂದರು. ಅದಕ್ಕೂ ಮೊದಲು ಮೇಸ್ತ್ರಿ ಮನೆಗೆ ಬಂದು ಅತ್ತಿಗೆಯ ಹತ್ತಿರ ಮಾತಾಡಿದ. ಸಾಕ್ಷಿಯಾಗಿ ನಾನು, ಹೆಂಡತಿಯಾಗಿ ಅತ್ತಿಗೆ, ಇಬ್ಬರೂ ಒಂದು ಕಾಗದಕ್ಕೆ ಸಹಿ ಹಾಕಬೇಕು. ಹಾಕಿದರೆ ಅತ್ತಿಗೆಗೆ ಬಿಳಿ ಕೋಣೆಯಲ್ಲಿ ಕೆಲಸ. "ಮೂರು ಸಲ ಸೋಪು ಹಚ್ಚಿ ತಿಕ್ಕೊಂಡು ಬರಬೇಕು. ಹಳೇ ಬಟ್ಟೆ ಒಂದೂ ತರಬಾರದು" ಎಂದ. ಮನೆಯೊಳಗೆ ಬರಲಿಲ್ಲ, ಹೊಸಿಲಿನ ಆಚೆ ನಿಂತೇ ಹೇಳಿದ. ಮಾರನೆಯ ದಿನ ಅತ್ತಿಗೆ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಒಗೆದು ಹಾಕಿದಳು. ನಾನು ನೋಡಿದೆ. ಕೇಳಲಿಲ್ಲ. ಅವಳಿಗೆ ಆರು ವರ್ಷದ ಮಗಳಿದ್ದಾಳೆ.

ಅವರು ಹೇಳುವ ಕಾಗದದಲ್ಲಿ ಏನಿರುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಕಬ್ಬಿಣ ನನ್ನನ್ನು ತಡೆದ. ಹಿಂದೆ ರೇಡಿಯೊ, ಜೋಡಿ. ರೇಡಿಯೊ ನೆಲ ನೋಡುತ್ತಿದ್ದ.

"ಬಾಟ್ಲಿ ವಿಷಯ ಎತ್ತಬೇಡ ತಾಯಿ" ಎಂದ ಕಬ್ಬಿಣ. "ನಾಲ್ಕು ಮನೆ ಒಲೆ ಆರಿಹೋಗುತ್ತೆ. ಮೂಗು ಸತ್ತೋರನ್ನ ಇನ್ಯಾರು ಕೆಲಸಕ್ಕೆ ಇಟ್ಕೋತಾರೆ?"

"ಅಣ್ಣನ ತಪ್ಪು ಅಂತ ಬರೀತಾರೆ."

"ಬರೀಲಿ. ಅವನು ಓದೋದಕ್ಕೆ ಬರ್ತಾನಾ?"

ಹೀಗೆ ಹೇಳಿ ಅವನೇ ಅತ್ತ. ಆ ಕಣ್ಣೀರನ್ನು ನಾನು ತಪ್ಪು ಅನ್ನಲಾರೆ. ಆದರೆ ಬಿಂದಿಗೆ ಎತ್ತಿಕೊಂಡು ಮನೆಗೆ ಬರುವಾಗ ಎರಡು ಸಲ ಕೆಳಗಿಳಿಸಿದೆ. ಸುಸ್ತು ಅದು, ಹೆದರಿಕೆಯಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬಂದ ಸುಸ್ತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆ ಕಡೆ ಮ್ಯಾನೇಜರ್, ಡಾಕ್ಟರ್, ಸುರಕ್ಷತೆ ಸಾಹೇಬರು. ಈ ಕಡೆ ಕುರ್ಚಿ ಇರಲಿಲ್ಲ. ನಾವು ಗೋಡೆಗೆ ಆತು ನಿಂತೆವು. ನಾವು ಒಳಗೆ ಬಂದ ಮೇಲೆ ಯಾರೋ ಕಿಟಕಿ ತೆರೆದರು.

ಮ್ಯಾನೇಜರ್ ಓದಿದರು. "ಮೃತರ ಘ್ರಾಣಶಕ್ತಿ ಸಹಜವಾಗಿತ್ತು. ಅನಿಲದ ವಾಸನೆ ಬಂದ ಕೂಡಲೇ ಹೊರಬರಬೇಕೆಂಬ ನಿಯಮ ತಿಳಿದಿದ್ದೂ ನಿರ್ಲಕ್ಷ್ಯದಿಂದ ಒಳಗೇ ಉಳಿದರು." ಓದಿ ಪೆನ್ನು ನನ್ನ ಕಡೆ ತಳ್ಳಿದರು.

"ಡಬ್ಬಿ ಕಿರುಚಿದ್ದು ಇದ್ರಲ್ಲಿಲ್ಲ" ಎಂದೆ.

"ಅದು ಅತಿಥಿಗಳ ವಿಷಯ. ಇದು ನಿಮ್ಮಣ್ಣನ ವಿಷಯ."

"ಡಬ್ಬಿ ಕಿರುಚಿದಾಗ ಸಾಹೇಬ್ರು ಶಾಲು ತರೋಕೆ ವಾಪಸ್ ಬಂದ್ರು. ಅಲ್ಲಿಂದ ತೊಟ್ಟಿ ಮೂವತ್ತು ಹೆಜ್ಜೆ. ಒಂದು ಕೂಗು ಹಾಕಿದ್ರೆ ಸಾಕಿತ್ತು."

ಸುರಕ್ಷತೆ ಸಾಹೇಬರು ಡಾಕ್ಟರ ಮುಖ ನೋಡಿದರು. ಡಾಕ್ಟರ್ ಫೈಲು ತೆರೆದರು. "ನೋಡಮ್ಮ, ಕೂಗೋ ಅಗತ್ಯವೇ ಇರಲಿಲ್ಲ. ಅವನಿಗೆ ಮೂಗಿತ್ತು. ನಾನೇ ಪರೀಕ್ಷೆ ಮಾಡಿದ್ದೀನಿ. ನಾತಕ್ಕೆ ಎಷ್ಟು ಜೋರಾಗಿ ಮುಖ ಸಿಂಡರಿಸಿದ ಅಂತ ನನಗೆ ಇನ್ನೂ ನೆನಪಿದೆ."

ನನಗೂ ನೆನಪಿತ್ತು. ನಾವು ನಕ್ಕದ್ದೂ ನೆನಪಿತ್ತು.

"ಅದನ್ನ ನಾನೇ ಹೇಳಿಕೊಟ್ಟಿದ್ದು" ಎಂದೆ. ಎಲ್ಲವನ್ನೂ ಹೇಳಿದೆ. ಬಾಟಲಿಗಳ ಸಾಲು, ವರಾಂಡ, ಸಿಂಡರಿಸು, ಏನಿಲ್ಲ ಅನ್ನು, ನಗು. ತೊಟ್ಟಿಯ ಬಾಯಿಯಲ್ಲಿ ನಾನು ಯಾಕೆ ಕೂರುತ್ತಿದ್ದೆ ಎಂದು ಹೇಳಿದೆ. ಪೊರಕೆ ಕೊಟ್ಟು ನನ್ನನ್ನು ಎಬ್ಬಿಸಿದ್ದನ್ನು ಹೇಳಿದೆ. ಹೇಳುವಾಗ ಧ್ವನಿ ಏರಲಿಲ್ಲ. ಏರಿಸಲು ಶಕ್ತಿ ಇರಲಿಲ್ಲ.

ಮ್ಯಾನೇಜರ್ ಮುಂದೆ ಬಾಗಿದರು. "ಅಂದ್ರೆ ನಿಮ್ಮಣ್ಣನ ಸಾವಿಗೆ ನೀನೇ ಕಾರಣ ಅಂತ ಒಪ್ಕೋತಿದ್ದೀಯ."

"ನನ್ನ ಪಾಲು ಇದೆ ಸರ್. ಅದನ್ನ ನಾನು ಸಾಯೋ ತನಕ ಹೊರ್ತೀನಿ. ನಿಮ್ಮ ಪಾಲು ನೀವು ಬರೀರಿ. ಈ ಕಾಗದಕ್ಕೆ ನಾನು ಸಹಿ ಹಾಕಲ್ಲ."

ಆಗ ಮ್ಯಾನೇಜರ್ ಗೋಡೆಯ ಕಡೆ ತಿರುಗಿದರು. "ಇವಳು ಹೇಳೋದು ನಿಜಾನಾ? ನಿಮಗ್ಯಾರಿಗೂ ವಾಸನೆ ಬರಲ್ವಾ?"

ಕಬ್ಬಿಣ ಕೈ ಕಟ್ಟಿಕೊಂಡ. "ನನ್ನ ಮೂಗು ಚೆನ್ನಾಗಿದೆ ಸರ್" ಎಂದ. ಜೋಡಿಯ ಹಿರಿಯವನು ಚೆನ್ನಾಗಿದೆ ಎಂದ. ಕಿರಿಯವನೂ ಅದನ್ನೇ ಹೇಳಿದ. ರೇಡಿಯೊ ತಲೆಯಾಡಿಸಿದ, ಅಷ್ಟೇ. ನಾನು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಅವರಿಗೆ ಇನ್ನೂ ಕಷ್ಟವಾಗುತ್ತಿತ್ತು.

"ಸರಿ" ಎಂದರು ಮ್ಯಾನೇಜರ್. ಪೆನ್ನನ್ನು ಅತ್ತಿಗೆಯ ಕಡೆ ತಿರುಗಿಸಿದರು. "ನೀವು ಹಾಕಿ. ಸೋಮವಾರದಿಂದ ಬಿಳಿ ಕೋಣೆಗೆ ಬನ್ನಿ."

ಅತ್ತಿಗೆ ಮೇಜಿನ ಹತ್ತಿರ ಹೋದಳು. ಪೆನ್ನು ಕೈಗೆ ತೆಗೆದುಕೊಂಡಳು. ಅವಳನ್ನು ತಡೆಯುವ ಹಕ್ಕು ನನಗೆ ಎಲ್ಲಿಯದು? ಅವಳ ಗಂಡನನ್ನು ಪಾಸು ಮಾಡಿಸಿದವಳು ನಾನು.

"ಡಾಕ್ಟ್ರೇ" ಎಂದಳು ಅವಳು. "ಮಗಳು ಹುಟ್ಟಿ ಮೂರನೇ ದಿನ. ಮಗು ತಲೆ ಮೂಸಿ ನೋಡಿ, ಎಷ್ಟು ಚೆನ್ನಾಗಿದೆ ಅಂತ ನಾನೇ ಅವರ ಕೈಗೆ ಕೊಟ್ಟೆ. ಮೂಸಿದ್ರು. ಇನ್ನೊಂದು ಸಲ ಮೂಸಿದ್ರು. ಮಗೂನ ನನ್ನ ಮಡಿಲಿಗೆ ಹಾಕಿ ಹಿತ್ತಲಿಗೆ ಹೋದ್ರು. ಮುಖ ತೊಳ್ಕೊಂಡು ಬಂದು, ಹೌದು, ಚೆನ್ನಾಗಿದೆ ಅಂದ್ರು. ಕಣ್ಣು ಕೆಂಪಗಿತ್ತು. ಆರು ವರ್ಷ ಆಯ್ತು. ಅದು ನಿಮ್ಮ ಬಾಟ್ಲಿಗಿಂತ ಮೊದಲಿನ ಪರೀಕ್ಷೆ."

ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು ಹಿಂದಕ್ಕೆ ಬಂದಳು. ಡಾಕ್ಟರ್ ಫೈಲಿನ ದಾರವನ್ನು ಬಿಚ್ಚುತ್ತ, ಕಟ್ಟುತ್ತ ಕೂತರು. ಕೊನೆಗೆ ಮ್ಯಾನೇಜರ್, "ಇದಕ್ಕೆ ದಾಖಲೆ ಇಲ್ಲ" ಎಂದರು. ನನ್ನ ಗೇಟ್ ಪಾಸನ್ನು ಅಲ್ಲೇ ಇಸಿದುಕೊಂಡರು. ಕಂಪನಿಗೆ ಮೋಸ ಮಾಡಿದ್ದು ಕಾರಣ. ಬಿಳಿ ಕೋಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ದಾರಿಯಲ್ಲಿ ಅತ್ತಿಗೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಅವಳು ನನ್ನನ್ನು ಕ್ಷಮಿಸಿದಳು ಎಂದು ಯಾರೂ ತಿಳಿಯಬೇಡಿ.

ಮುಂದಿನದನ್ನು ನನಗೆ ಹೇಳಿದ್ದು ರೇಡಿಯೊ. ನಲ್ಲಿಯ ಹತ್ತಿರ, ನನ್ನ ಮುಖ ನೋಡದೆ, ಬಿಂದಿಗೆಗೆ ಹೇಳುವವನ ಹಾಗೆ ಹೇಳಿದ.

ಸೋಮವಾರ ರೆಕ್ಕೆ ಮತ್ತೆ ಕಚ್ಚಿಕೊಂಡಿತು. ಮೇಸ್ತ್ರಿ ಇಳಿಯಿರಿ ಎಂದ. ಕಬ್ಬಿಣ ಮೂಗು ಸೇದಿದ. "ನೆಗಡಿ ಸರ್" ಎಂದ. ನೆಗಡಿ ಇದ್ದವರು ತೊಟ್ಟಿಗೆ ಇಳಿಯಬಾರದು ಎಂದು ಅದೇ ಗೋಡೆಯ ಮೇಲೆ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದೆಯಂತೆ. ಜೋಡಿಯ ಹಿರಿಯವನಿಗೂ ನೆಗಡಿ. ಅವನಿಗೆ ಬಂದ ಮೇಲೆ ತಮ್ಮನಿಗೆ ಬರದೆ ಇರುತ್ತದೆಯೇ. ರೇಡಿಯೊಗೆ ಗಂಟಲೇ ಕಟ್ಟಿತ್ತು. ಮಂಗಳವಾರವೂ ನೆಗಡಿ. ಡಾಕ್ಟರ್ ಬಂದು ನಾಲ್ವರ ಮೂಗಿಗೂ ಬ್ಯಾಟರಿ ಬಿಟ್ಟು ನೋಡಿದರು. ಏನೂ ಬರೆಯದೆ ಹೋದರು. ಬುಧವಾರ ಸುರಕ್ಷತೆ ಸಾಹೇಬರೇ ಬಂದರು. ಕಪ್ಪು ನೀರು ಹೊಂಡ ತುಂಬಿ ಅಂಚಿಗೆ ಬಂದಿತ್ತು.

"ಯಾವಾಗಪ್ಪ ವಾಸಿಯಾಗೋದು ನಿಮ್ಮ ನೆಗಡಿ?"

"ಗೊತ್ತಿಲ್ಲ ಸರ್" ಎಂದ ಕಬ್ಬಿಣ. "ಎದೆಗೆ ಆ ಹಳದಿ ಡಬ್ಬಿ ಕಟ್ಕೊಂಡ್ರೆ ಬೇಗ ವಾಸಿಯಾಗುತ್ತೆ ಅಂತಾರೆ."

ರೇಡಿಯೊ ಇದನ್ನು ಹೇಳುವಾಗ ನಗಲಿಲ್ಲ. ನಾನೂ ನಗಲಿಲ್ಲ. ಬಿಂದಿಗೆ ತುಂಬಿ ಹರಿಯುತ್ತಿತ್ತು, ಇಬ್ಬರೂ ನಲ್ಲಿ ನಿಲ್ಲಿಸುವುದನ್ನು ಮರೆತೆವು.

ಗುರುವಾರ ಸಂಜೆ ಕಬ್ಬಿಣ ನಮ್ಮ ಮನೆಗೆ ಬಂದ. ವಿಚಾರಣೆಯ ಮೇಲೆ ಮೊದಲ ಸಲ. ಹೊಸಿಲಿನ ಮೇಲೆ ಕೂತ. ಅತ್ತಿಗೆ ನೀರು ಕೊಟ್ಟಳು. ಕುಡಿದು ಲೋಟವನ್ನು ಕೈಯಲ್ಲೇ ಇಟ್ಟುಕೊಂಡ.

"ಕೊಟ್ರು ಡಬ್ಬೀನ" ಎಂದ. "ಇವತ್ತು ನನ್ನ ಎದೆಗೆ ಕಟ್ಟಿದ್ರು. ಏಣಿ ಮೂರನೇ ಮೆಟ್ಟಿಲಿಗೆ ಕಾಲಿಡೋಷ್ಟರಲ್ಲಿ ಕಿರುಚಿಕೊಳ್ತು. ಮೇಲೆ ಬಂದೆ. ಸಾಹೇಬ್ರು ತೊಟ್ಟಿಗೆ ಬಗ್ಗಿ ಮೂಸಿದ್ರು. ಬರ್ತಿದೆ, ಬರ್ತಿದೆ ಅಂದ್ರು. ಆಮೇಲೆ, ಈಗ ಹೋಯ್ತು, ಏನೂ ಇಲ್ಲ, ಇಳಿಯಿರಿ ಅಂದ್ರು. ಡಬ್ಬಿ ನೋಡಿದ್ರೆ ಇನ್ನೂ ಜೋರಾಗಿ ಕಿರುಚ್ತಾ ಇದೆ. ಕೆಟ್ಟಿದೆ ಅಂತ ಇನ್ನೊಂದು ತರಿಸಿದ್ರು. ಅದೂ ಕಿರುಚ್ತು. ಅಷ್ಟೊತ್ತಿಗೆ ಪ್ರಯೋಗಶಾಲೆ ಮೇಡಂ ಓಡಿ ಬಂದು ಅವರನ್ನ ಆಚೆ ಎಳ್ಕೊಂಡ್ರು. ಈ ಗ್ಯಾಸು ಜಾಸ್ತಿಯಾದ್ರೆ ಎಂಥಾ ಮೂಗಾದ್ರೂ ಸತ್ತುಹೋಗುತ್ತೆ ಸರ್, ವಾಸನೆ ಹೋಯ್ತು ಅಂದ್ರೆ ಗ್ಯಾಸು ಹೋಯ್ತು ಅಂತಲ್ಲ ಅಂದ್ರು. ನಮ್ಮೆದುರಿಗೇ ಅಂದ್ರು."

ನಾನು ಗೋಡೆಗೆ ಒರಗಿ ಕೂತೆ. ಹದಿನಾಲ್ಕು ತಿಂಗಳು ಆ ಬಾಯಿಯಲ್ಲಿ ಕೂತು ಐದು ಜನರ ಜೀವ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ನಾಲ್ಕು ಸಲ ಬಡಿದೆ. ಬಡಿಯದೆ ಕೂತ ಎಷ್ಟು ದಿನ ಅದು ನನ್ನ ಮೂಗನ್ನೂ ದಾಟಿ ಹೋಗಿತ್ತೋ. ಅಂದು ನಾನು ಅಲ್ಲೇ ಇದ್ದಿದ್ದರೂ, ಒಳ್ಳೆಯ ಮೂಗು ಇಟ್ಟುಕೊಂಡೇ, ಏನೂ ಇಲ್ಲ ಎಂದು ಕೂತಿರುತ್ತಿದ್ದೆನೋ ಏನೋ. ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಮೂಗಿನ ಮೇಲೆ ಬಿಟ್ಟ ಆ ನಿಯಮವೇ ಸುಳ್ಳಾಗಿತ್ತು. ನಮ್ಮ ಸುಳ್ಳು ಅದರ ಮುಂದೆ ಎಷ್ಟರದು.

"ಕಾಗದ ಪೆನ್ನು ಇದ್ಯಾ?" ಎಂದು ಕಬ್ಬಿಣ ಕೇಳಿದ. "ಬರಿ. ಬಾಟ್ಲಿ ಪರೀಕ್ಷೇಲಿ ನಾನು ಸುಳ್ಳು ಹೇಳಿದೆ ಅಂತ ಬರಿ. ವಿಚಾರಣೇಲೂ ಸುಳ್ಳು ಹೇಳಿದೆ ಅಂತ ಬರಿ. ನಂಗೆ ಇಪ್ಪತ್ತು ವರ್ಷದಿಂದ ವಾಸನೆ ಬರಲ್ಲ. ಅವರು ಮೂರು ಜನ ಬೀದೀಲಿ ನಿಂತಿದ್ದಾರೆ, ಒಳಗೆ ಬರೋಕೆ ಮುಖ ಇಲ್ಲ ಅಂತಾರೆ. ಅವರದ್ದೂ ಬರಿ."

"ಬರೆದು ಎಲ್ಲಿಗೆ ಕೊಡೋದು?"

"ಕಾರ್ಖಾನೆ ಮೇಲೆ ಕಣ್ಣಿಡೋ ಯಾವುದಾದ್ರೂ ಒಂದು ಆಫೀಸು ಇರ್ಬೇಕಲ್ಲ. ಅಲ್ಲಿಗೆ. ಅವರು ಹರಿದು ಹಾಕಿದ್ರೆ ಇನ್ನೊಂದು ಬರಿ."

ನನ್ನ ಸೊಸೆಯ ಪುಸ್ತಕದಿಂದ ಹಾಳೆ ಹರಿದುಕೊಂಡೆ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯಲಿಲ್ಲ. ನನ್ನ ತಪ್ಪಿನಿಂದಲೋ, ಡಬ್ಬಿಯಿಂದಲೋ, ಶಾಲಿನಿಂದಲೋ. ಪೆನ್ನು ಹಿಡಿದು ಕೂತೆ. ಬೀದಿಯಲ್ಲಿದ್ದ ಮೂವರೂ ಬಂದು ಬಾಗಿಲಿನ ಪಕ್ಕ ನಿಂತರು.

ಅತ್ತಿಗೆ ಒಲೆಯ ಮುಂದಿನಿಂದ ಎದ್ದು ಬಂದಳು. ಎಷ್ಟೋ ದಿನಗಳ ಮೇಲೆ ನನ್ನ ಪಕ್ಕದಲ್ಲಿ ಕೂತಳು.

"ಮೊದಲನೇ ಸಾಲು ನಾನು ಹೇಳ್ತೀನಿ, ಬರ್ಕೋ" ಎಂದಳು. "ನನ್ನ ಗಂಡ ಬೇಕಂತ ಒಳಗೆ ಉಳಿದೋರಲ್ಲ. ಹೊರಗೆ ಬಾ ಅಂತ ಯಾರಾದ್ರೂ ಒಂದು ಮಾತು ಅಂದಿದ್ರೆ, ಓಡಿ ಬರ್ತಿದ್ರು."

ಅದನ್ನೇ ಮೊದಲು ಬರೆದೆ.